ಒಂದೂವರೆ ಪೌಂಡು

ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ರೌಂಡ್ ರಾಕ್‌ನ ನನ್ನ ಮನೆಯ ಅಡುಗೆಮನೆ. ಹಾಜರಿದ್ದವರು: ಅವ್ವ, ಅಣ್ಣ ರಘು, ನಾನು. ಬರೆಯಲು ಕೂತಾಗ ಮೊದಲು ದಿನ, ಹೊತ್ತು, ಇದ್ದವರ ಹೆಸರು. ಮುಗಿಸುವಾಗ ಆ ದಿನದ ಕೊನೆಯ ಕೆಲಸ. ಇದು ಅಪ್ಪ ಹಾಕಿಕೊಟ್ಟ ಕ್ರಮ. ಅಪ್ಪ ಹೋಗಿ ಬಹಳ ವರ್ಷಗಳಾದವು, ಕ್ರಮ ಉಳಿದಿದೆ. ಅಣ್ಣ ಲಿಯಾಂಡರ್‌ನಿಂದ ಡ್ರೈವ್ ಮಾಡಿಕೊಂಡು ಬಂದು, ಮುಖ ತೊಳೆಯುವ ಮೊದಲೇ ನಾನು ಬರೆದ ಹಾಳೆಗಳನ್ನು ಕೇಳಿದ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರು ಊರುಗಳ ಮಕ್ಕಳ ರಗ್ಬಿ ಲೀಗ್ ಪಂದ್ಯಾವಳಿಯ ಚರಿತ್ರೆ ಬೇಕೆಂದು ಅದನ್ನು ಈಗ ನಡೆಸುತ್ತಿರುವವರು ಅವನ ಮೂಲಕ ಕೇಳಿದ್ದರು. ಅವನ ಮೊಮ್ಮಗ ಈಗ ಅಲ್ಲಿ ಆಡುತ್ತಾನೆ. ಮೊದಲ ವರ್ಷಗಳ ದಾಖಲೆ ಇರುವುದು ನಮ್ಮ ಮನೆಯ ಮೂರು ರಿಜಿಸ್ಟರುಗಳಲ್ಲಿ ಮಾತ್ರ. ಅವು ಇರುವುದು ಕನ್ನಡದಲ್ಲಿ, ನನ್ನ ಅಕ್ಷರದಲ್ಲಿ. ಹಾಗಾಗಿ ಕೆಲಸ ನನಗೆ ಬಂತು. ಇಂಥ ಕೆಲಸಗಳಿಗೆ ಈಗ ನನ್ನಲ್ಲಿ ಉಮೇದು ಉಳಿದಿಲ್ಲ. ಆದರೂ ದಿನಕ್ಕೆ ಎರಡು ಪುಟದಂತೆ ಬರೆದು ಮುಗಿಸಿದ್ದೆ. ಒಂದು ಪುಟವನ್ನು ಮಾತ್ರ ಖಾಲಿ ಬಿಟ್ಟಿದ್ದೆ. ಅಣ್ಣ ಅದನ್ನೇ ಮೊದಲು ಕಂಡ.

“ಹೋಳಿಗಿ ಫೈನಲ್ ಎಲ್ಲೈತಿ ಸುಮಾ? ಅದನ್ನ ಬಿಟ್ಟು ಹಿಸ್ಟರಿ ಬರದ್ರ ಯಾರ್ ಓದ್ತಾರ?”

ಒಲೆಯ ಪಕ್ಕ ಸ್ಟೂಲಿನ ಮೇಲೆ ಕೂತು ಬೇಳೆ ಬೇಯುವುದನ್ನು ಕಾಯುತ್ತಿದ್ದ ಅವ್ವ ನಕ್ಕಳು. ಆ ನಗು ನನಗೆ ಗೊತ್ತು. ಈ ಕಥೆ ಬಂದಾಗಲೆಲ್ಲ ಅವಳು ಅಷ್ಟೇ ಉದ್ದ ನಗುತ್ತಾಳೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಕನ್ನಡದವರು ಸೇರಿದ ಎಷ್ಟೋ ಊಟಗಳಲ್ಲಿ ಅಣ್ಣ ಇದನ್ನು ಹೇಳಿದ್ದಾನೆ. ನಮ್ಮವ್ವ ಹೋಳಿಗೆ ತಿನ್ನಿಸಿ ಡಲ್ಲಾಸ್ ಟೀಮನ್ನೇ ಸೋಲಿಸಿದಳು ಎಂದು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆಂಟಿ, ನಮಗೆ ಜಾಸ್ತಿ ಹಾಕಬೇಡಿ, ನಾಳೆ ನಮಗೂ ಮ್ಯಾಚ್ ಇದೆ ಅನ್ನುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ. ಈಗ ಅದು ಅಚ್ಚಾಗಬೇಕಂತೆ. ಊಟದ ಹೊತ್ತಿಗೆ ಬರೆದು ಓದಿ ಹೇಳುತ್ತೇನೆ, ಅಲ್ಲಿಯವರೆಗೆ ಇಬ್ಬರೂ ನನ್ನನ್ನು ಮಾತಾಡಿಸಬೇಡಿ ಎಂದು ಹೇಳಿ ಕೂತೆ. ಬರೆದದ್ದು ಇದು.

ನಮ್ಮ ಮನೆ ಹ್ಯೂಸ್ಟನ್ನಿನ ವಾಯವ್ಯಕ್ಕೆ, ಸೈಪ್ರೆಸ್ ಕಡೆ ಇತ್ತು. ಆಗ ಅಲ್ಲಿ ಈಗಿನ ಹಾಗೆ ಸಾಲು ಸಾಲು ಮನೆಗಳಿರಲಿಲ್ಲ. ನಮ್ಮ ಬೀದಿಯ ಕೊನೆಗೆ ಬೇಲಿ, ಬೇಲಿಯಾಚೆ ದನ. ಮೂರು ಮಲಗುವ ಕೋಣೆ, ಮಕ್ಕಳಿಗೆಂದು ಒಂದು ಬಚ್ಚಲು, ಎರಡು ಕಾರು ನಿಲ್ಲುವ ಗರಾಜು. ಕಾರು ಒಂದೇ ಇತ್ತು. ಇನ್ನೊಂದರ ಜಾಗ ಅಪ್ಪನ ಆಫೀಸು. ಅಪ್ಪ ಓದಿದ್ದು ಧಾರವಾಡದಲ್ಲಿ, ಬೋರ್ಡಿಂಗಿನಲ್ಲಿದ್ದುಕೊಂಡು. ಅಲ್ಲಿ ಗಂಟೆ ಬಾರಿಸಿದರೆ ಏಳುವುದು, ಗಂಟೆ ಬಾರಿಸಿದರೆ ಉಣ್ಣುವುದು. ಟೆಕ್ಸಾಸಿಗೆ ಬಂದು ಪೈಪು ತಯಾರಿಸುವ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಹಿಡಿದ ಮೇಲೂ ಅವರು ಬೋರ್ಡಿಂಗನ್ನು ಬಿಡಲಿಲ್ಲ; ಮನೆಯನ್ನೇ ಬೋರ್ಡಿಂಗ್ ಮಾಡಿದರು. ಫ್ರಿಜ್ಜಿನ ಬಾಗಿಲಿಗೆ ವೇಳಾಪಟ್ಟಿ ಅಂಟಿಸಿತ್ತು. ಬಚ್ಚಲಿಗೆ ತಲಾ ಏಳು ನಿಮಿಷ. ಹಾಲು ಕುಡಿಯಲು ಐದು. ಸಂಜೆ ಕನ್ನಡದಲ್ಲಿ ಒಂದು ಪುಟ ಶುದ್ಧ ಬರಹ. ಗರಾಜಿನ ಗೋಡೆಗೆ ಸುತ್ತಿಗೆ, ಇಕ್ಕಳ, ಗರಗಸದ ಆಕಾರಗಳನ್ನು ಕಪ್ಪು ಬಣ್ಣದಲ್ಲಿ ಬರೆದಿದ್ದರು. ಯಾವುದು ತನ್ನ ಜಾಗದಲ್ಲಿಲ್ಲ ಎಂಬುದು ಬಾಗಿಲು ತೆರೆದ ಕೂಡಲೇ ತಿಳಿಯುತ್ತಿತ್ತು. ಅಣ್ಣ ಇದಕ್ಕೆಲ್ಲ ಒಳಗೊಳಗೇ ಕುದಿಯುತ್ತಿದ್ದ. ನನಗೆ ಇಷ್ಟವಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಹನ್ನೊಂದು ವರ್ಷದ ಹುಡುಗಿಗೆ ಇಂಥದ್ದು ಇಲ್ಲೇ ಇರುತ್ತದೆ ಎಂಬ ಭರವಸೆ ದೊಡ್ಡದು. ಸುಮಾ ನೋಡಿದಳು ಎಂದರೆ ಮುಗಿಯಿತು, ಮತ್ತೆ ನೋಡಬೇಕಿಲ್ಲ ಎಂದು ಅಪ್ಪ ಮನೆಗೆ ಬಂದವರ ಮುಂದೆ ಹೇಳುತ್ತಿದ್ದರು. ಆ ಮಾತಿನ ಮೇಲೆ ನಾನು ಬೆಳೆದೆ.

ಅಡುಗೆಮನೆಯಲ್ಲಿ ಮಾತ್ರ ಬೇರೆ ರಾಜ್ಯ. ಅಲ್ಲಿ ಗಡಿಯಾರವಿತ್ತು, ಆದರೆ ಅವ್ವ ಅದನ್ನು ನೋಡುತ್ತಿರಲಿಲ್ಲ. ಅಳತೆಯ ಲೋಟಗಳನ್ನು ಅಪ್ಪ ತಂದುಕೊಟ್ಟಿದ್ದರು. ಅವುಗಳಲ್ಲಿ ಅವಳು ಸಾಸಿವೆ, ಜೀರಿಗೆ ತುಂಬಿಟ್ಟಿದ್ದಳು. ಬಡಿಸುವಾಗ ಎಣಿಸಬಾರದು ಎಂಬುದೊಂದೇ ಅವಳ ನಿಯಮ. ಮೊದಲ ಸಲ ಸಾಕು ಅಂದರೆ ಅದು ಸಂಕೋಚ. ಎರಡನೆಯ ಸಲ ಸಾಕು ಅಂದರೆ ಅದು ಮರ್ಯಾದೆ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಮೈ ಹಿಂದಕ್ಕೆ ಎಳೆದುಕೊಂಡರೆ ಮಾತ್ರ ಹೊಟ್ಟೆ ತುಂಬಿದೆ ಎಂದರ್ಥ. ಇದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅನ್ನದ ಜೊತೆ ಬಂದಿತ್ತು. ಅಪ್ಪ ಆಫೀಸಿನಲ್ಲಿ ಎಷ್ಟು ಬಿಗಿಯೋ ಅವ್ವನ ಮುಂದೆ ತಟ್ಟೆ ಹಿಡಿದಾಗ ಅಷ್ಟೇ ಸಡಿಲ. ನಾಲ್ಕನೆಯ ಚಪಾತಿಗೆ ಅವರು ಕೈ ಅಡ್ಡ ಹಿಡಿಯುತ್ತಿದ್ದರು, ಅವಳು ಬೆರಳುಗಳ ಸಂದಿಯಲ್ಲಿ ತೂರಿಸುತ್ತಿದ್ದಳು. ಅವರಿಬ್ಬರ ನಡುವೆ ನಾನು ಕಂಡ ಸಲಿಗೆ ಅದೊಂದೇ.

ರಗ್ಬಿ ನಮ್ಮ ಮನೆಗೆ ಬಂದದ್ದು ಪಕ್ಕದ ಮನೆಯಿಂದ. ಅಲ್ಲಿದ್ದ ಕೆನ್ ಅಂಕಲ್ ಆಸ್ಟ್ರೇಲಿಯಾದವರು, ಅಪ್ಪನ ಕಾರ್ಖಾನೆಯವರೇ. ತಮ್ಮ ದೇಶದ ಆಟವನ್ನು ಇಲ್ಲಿಯ ಮಕ್ಕಳಿಗೆ ಕಲಿಸಬೇಕೆಂಬ ಹುಚ್ಚು ಅವರಿಗೆ. ಮೊಟ್ಟೆಯಾಕಾರದ ಚೆಂಡನ್ನು ಅಪ್ಪಿಕೊಂಡು ಓಡಬೇಕು; ಎದುರಿನವರು ಓಡುವವನನ್ನು ಅಪ್ಪಿ ಕೆಡವಬೇಕು. ನಮ್ಮ ಕಬಡ್ಡಿಯನ್ನು ಉದ್ದಕ್ಕೆ ಎಳೆದ ಹಾಗೆ ಎಂದು ಅಪ್ಪ ಒಂದೇ ಮಾತಿನಲ್ಲಿ ಅರ್ಥಮಾಡಿಕೊಂಡರು. ದೊಡ್ಡ ಮೈಯ ಹುಡುಗರು ಸಣ್ಣವರ ಮೇಲೆ ಬಿದ್ದರೆ ಎಲುಬು ಮುರಿಯುತ್ತದೆಂದು ಅವರಿಗೆ ಚಿಂತೆ. ಅದಕ್ಕೇ ವಯಸ್ಸಿನ ಬದಲು ತೂಕದಿಂದ ತಂಡ ಕಟ್ಟಿದರು. ನೂರು ಪೌಂಡು ದಾಟಿದವರಿಗೆ ಪ್ರವೇಶವಿಲ್ಲ. ಡಲ್ಲಾಸಿನಲ್ಲಿ, ಆಸ್ಟಿನ್ನಿನಲ್ಲಿ ಇದ್ದ ಇಂಥದೇ ಹುಚ್ಚಿನ ಒಬ್ಬಿಬ್ಬರು ಸೇರಿಕೊಂಡರು. ತಂಡಕ್ಕೆ ಒಂಬತ್ತೇ ಜನ, ಅದಕ್ಕಿಂತ ಹೆಚ್ಚು ಮಕ್ಕಳು ಸಿಗುತ್ತಿರಲಿಲ್ಲ. ಒಟ್ಟು ಮೂರು ತಂಡಗಳಲ್ಲಿ ಕನ್ನಡದ ಹುಡುಗ ನಮ್ಮಣ್ಣ ಒಬ್ಬನೇ. ಆಡಿಸುವ ಕೆಲಸ ಕೆನ್ ಅಂಕಲ್‌ದು, ಬರೆಯುವ ಕೆಲಸ ಅಪ್ಪನದು. ಅಪ್ಪ ಅದನ್ನು ನನಗೆ ವಹಿಸಿದರು, ಕನ್ನಡದ ಅಭ್ಯಾಸವೂ ಆಗಲಿ ಎಂದು. ಹೀಗಾಗಿ ಟೆಕ್ಸಾಸಿನ ಮಕ್ಕಳ ರಗ್ಬಿಯ ಮೊದಲ ಅಂಕಪಟ್ಟಿಗಳಲ್ಲಿ ಡ್ಯಾನಿ, ಸ್ಟೀವ್, ರಾಬರ್ಟ್ ಎಲ್ಲರೂ ಗುಂಡಗಿನ ಕನ್ನಡ ಅಕ್ಷರಗಳಲ್ಲಿದ್ದಾರೆ.

ಗರಾಜಿನ ಮೂಲೆಯಲ್ಲಿ ತೂಕದ ಸ್ಕೇಲು ಇತ್ತು. ಡಾಕ್ಟರರ ಬಳಿ ಇರುವಂಥದು, ಮೇಲೆ ಅಡ್ಡಪಟ್ಟಿ, ಪಟ್ಟಿಯ ಮೇಲೆ ಸರಿಸುವ ಗುಂಡು. ಗರಾಜಿನ ನೆಲ ಬಾಗಿಲ ಕಡೆ ಇಳಿಜಾರು. ಸಮತಟ್ಟಾದ ಜಾಗ ಹುಡುಕಿ ಅಪ್ಪ ಅದರ ಕಾಲುಗಳ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದಿದ್ದರು. ತೂಗುವ ಮೊದಲು ಸೊನ್ನೆ ನೋಡುವುದು ನನ್ನ ಕೆಲಸ. ಯಾರೂ ನಿಂತಿಲ್ಲದಾಗ ಗುಂಡನ್ನು ಸೊನ್ನೆಗೆ ಸರಿಸಬೇಕು. ಪಟ್ಟಿಯ ತುದಿ ನಡುವೆ ನಿಲ್ಲಬೇಕು. ನಿಲ್ಲದಿದ್ದರೆ ಹಿಂದಿನ ತಿರುಪನ್ನು ತಿರುಗಿಸಿ ನಿಲ್ಲಿಸಬೇಕು. ಅರ್ಧ ನಿಮಿಷದ ಕೆಲಸ.

ಆ ವರ್ಷದ ಫೈನಲ್ ಹ್ಯೂಸ್ಟನ್ನಿನಲ್ಲಿ, ನಮಗೂ ಡಲ್ಲಾಸಿಗೂ. ಆತಿಥ್ಯ ಕೊಡುವ ತಂಡವನ್ನು ಹಿಂದಿನ ದಿನ ಬೆಳಿಗ್ಗೆಯೇ ತೂಗುವುದು, ಬಂದವರನ್ನು ಪಂದ್ಯದ ದಿನ ಬೆಳಿಗ್ಗೆ ತೂಗುವುದು ಪದ್ಧತಿ. ಹೊರಗಿನಿಂದ ಬಂದ ಹುಡುಗರು ಒಬ್ಬೊಬ್ಬರ ಮನೆಯಲ್ಲಿ ಉಳಿಯುತ್ತಿದ್ದರು. ನಮ್ಮ ಮನೆಗೆ ನಾಲ್ವರು. ಆದರೆ ಅವ್ವ, ನಾಲ್ವರಿಗೆ ಹಾಕಿ ಉಳಿದವರನ್ನು ಬಿಡುವುದು ಹೇಗೆ ಎಂದು ಇಡೀ ಡಲ್ಲಾಸ್ ತಂಡವನ್ನು ಶುಕ್ರವಾರ ಸಂಜೆ ಊಟಕ್ಕೆ ಕರೆದಳು. ಒಂಬತ್ತು ಹುಡುಗರು. ಒಳಗೆ ಜಾಗ ಸಾಲದೆ ಗರಾಜಿನಲ್ಲಿ ಜಮಖಾನ ಹಾಸಿದೆವು. ಸ್ಕೇಲನ್ನು ಅಣ್ಣ ಹೊರಗೆ ದೂಡಿದ. ಬೆಲ್ಲ ಸಿಗುತ್ತಿರಲಿಲ್ಲ, ಅಂಗಡಿಯ ಕಂದು ಸಕ್ಕರೆಯಲ್ಲೇ ಅವ್ವ ಹೂರಣ ಮಾಡಿದ್ದಳು. ಹಂಚಿನ ಮೇಲಿಂದ ಒಂದೊಂದೇ ಹೋಳಿಗೆ ಇಳಿದು, ತುಪ್ಪ ಸವರಿಕೊಂಡು, ಗರಾಜಿಗೆ ಬರುತ್ತಿತ್ತು. ತಂಡದ ಅತಿ ವೇಗದ ಓಟಗಾರ ಡ್ಯಾನಿ ನನ್ನೆದುರು ಕೂತಿದ್ದ. ಕಿವಿಯವರೆಗೂ ಚುಕ್ಕೆಗಳಿದ್ದ ಕೆಂಪು ಹುಡುಗ. ತಟ್ಟೆಯಲ್ಲಿ ಏನನ್ನೂ ಬಿಡಬಾರದೆಂದು ಅವನ ತಾಯಿ ಕಲಿಸಿದ್ದಳು. ಅತಿಥಿಯ ತಟ್ಟೆ ಖಾಲಿ ಬಿಡಬಾರದೆಂದು ನನ್ನ ಅವ್ವನಿಗೆ ಅವಳ ತಾಯಿ ಕಲಿಸಿದ್ದಳು. ಅವನು ಮುಗಿಸಿದ, ಇವಳು ಹಾಕಿದಳು. ಅವನು ಸಾಕು ಅಂದ, ಇವಳು ಹಾಕಿದಳು. ಕೈ ಅಡ್ಡ ಹಿಡಿಯಬೇಕೆಂದು ಆ ಹುಡುಗನಿಗೆ ಹೇಗೆ ಗೊತ್ತಿರಬೇಕು? ನಾವು ಮಕ್ಕಳು ನಕ್ಕು ನಕ್ಕು ಸುಸ್ತಾದೆವು. ಅಪ್ಪನೂ ನಕ್ಕರು. ಆ ಮನೆಯಲ್ಲಿ ಊಟಕ್ಕೆ ಕೂತು ಅಷ್ಟು ಜನ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಶನಿವಾರ ಬೆಳಿಗ್ಗೆ ವೇಳಾಪಟ್ಟಿ ಮುರಿಯಿತು. ನಾಲ್ಕು ಹುಡುಗರು, ಒಂದು ಬಚ್ಚಲು. ಏಳು ನಿಮಿಷ ಅಂದರೆ ಏನೆಂದು ಅವರಿಗೆ ತಿಳಿಯದು. ಬಾಗಿಲು ತಟ್ಟುವ ಕೆಲಸ ನನ್ನದು. ಏಳಕ್ಕೆ ತೂಕ ಶುರುವಾಗಬೇಕು, ಏಳಾಗಲು ಒಂದು ನಿಮಿಷವಿದ್ದಾಗ ನಾನು ಗರಾಜಿಗೆ ಓಡಿದೆ. ಅಣ್ಣ ಆಗಷ್ಟೇ ಸ್ಕೇಲನ್ನು ಎಳೆದು ತಂದು ಸುಣ್ಣದ ಗೆರೆಗಳ ಮೇಲೆ ನಿಲ್ಲಿಸಿದ್ದ. ಬೇರೆ ಮನೆಗಳಿಂದ ಹುಡುಗರು ಬಂದು ಸಾಲು ನಿಂತಾಗಿತ್ತು. ಅಪ್ಪ ಕೈಗಡಿಯಾರ ನೋಡುತ್ತಿದ್ದರು. ರಿಜಿಸ್ಟರು ತೆರೆದು ದಿನ, ಹೊತ್ತು, ಹಾಜರಿದ್ದವರನ್ನು ಬರೆದೆ.

“ಸೊನ್ನಿ ನೋಡೀ ಏನು?”

“ಹೂಂ.”

ನೋಡಿರಲಿಲ್ಲ. ಹೊತ್ತು ತಪ್ಪಬಾರದೆಂದು ಹೂಂ ಅಂದೆ. ಆ ಮನೆಯಲ್ಲಿ ತಡಮಾಡುವುದಕ್ಕಿಂತ ದೊಡ್ಡ ತಪ್ಪು ಇರಬಹುದೆಂದು ನನಗೆ ಹೊಳೆಯಲಿಲ್ಲ. ಅಪ್ಪ ಒಬ್ಬೊಬ್ಬರನ್ನೇ ನಿಲ್ಲಿಸಿ ತೂಕ ಕೂಗಿದರು, ನಾನು ಬರೆದೆ. ಪ್ರತಿಯೊಬ್ಬನೂ ಹಿಂದಿನ ಪಂದ್ಯಕ್ಕಿಂತ ಒಂದೂವರೆ ಎರಡು ಪೌಂಡು ಹೆಚ್ಚಿಗೆ ಇದ್ದ. ಮೊದಲ ಮೂವರಿಗೆ ಎಲ್ಲರೂ ನಕ್ಕರು. ಹೋಳಿಗೆ, ಹೋಳಿಗೆ ಎಂದು ಅಣ್ಣ ಪ್ರತಿ ಸಲ ಕೂಗುತ್ತಿದ್ದ. ಹಗಲೆಲ್ಲ ಅಳತೆಯಲ್ಲೇ ಬದುಕಿದ ಅಪ್ಪನಿಗೂ ಎಲ್ಲರೂ ಒಂದೇ ಹದದಲ್ಲಿ ಹೇಗೆ ಹೆಚ್ಚಾದರು ಎಂಬ ಅನುಮಾನ ಬರಲಿಲ್ಲ. ಅವ್ವನ ಕೈ ಊಟ ತಿಂದವರು ಯಾರೂ ಅನುಮಾನ ಪಡುವಂತಿರಲಿಲ್ಲ. ಕೊನೆಗೆ ಡ್ಯಾನಿ ಹತ್ತಿದ. ನೂರಾ ಒಂದು. ಅಪ್ಪ ಮತ್ತೊಮ್ಮೆ ಗುಂಡು ಸರಿಸಿ ನೋಡಿದರು. ನೂರಾ ಒಂದೇ. ಹುಡುಗ ಬೂಟು ಬಿಚ್ಚಿದ್ದ, ಕಾಲುಚೀಲವನ್ನೂ ಬಿಚ್ಚಿದ. ಅಡುಗೆಮನೆಯ ಬಾಗಿಲಲ್ಲಿ ಉಪ್ಪಿಟ್ಟಿನ ಚಮಚ ಹಿಡಿದು ನಿಂತಿದ್ದ ಅವ್ವ ಒಂದು ಮೆಟ್ಟಿಲು ಇಳಿದು ಬಂದಳು. ಹೊರಗಿನವರ ಮುಂದೆ ಅವಳು ಅಪ್ಪನಿಗೆ ಎದುರಾಡಿದ್ದು ಅದೊಂದೇ ಸಲ.

“ಆ ಒಂದು ಪೌಂಡು ನಂದರಿ. ಆ ಕೂಸಿನ ಹೆಸರಿನ ಮುಂದ ಬರೀಬ್ಯಾಡ್ರಿ.”

“ಯಾರ ಅನ್ನ ಅಂತ ಸ್ಕೇಲಿಗೆ ಗೊತ್ತಾಗೂದಿಲ್ಲ. ಸುಮಾ, ನೂರಾ ಒಂದು. ಬರಿ.”

ಬರೆದೆ. ಅಪ್ಪ ನನ್ನ ಕೈಯಿಂದ ರಿಜಿಸ್ಟರು ತೆಗೆದುಕೊಂಡು ಹಿಂದಿನ ದಿನದ ಪುಟ ತೆರೆದು ಮುಂದಿಟ್ಟರು. ನಮ್ಮ ಮನೆಯ ಊಟದಿಂದ ಅವರಲ್ಲಿ ಒಬ್ಬ ಹೋದ, ನಮ್ಮ ಮನೆಯಿಂದಲೂ ಒಬ್ಬ ಹೋಗಲಿ ಎಂದರು. ನಾನು ಅಡಿಪಟ್ಟಿ ಇಟ್ಟು ಅಣ್ಣನ ಹೆಸರಿನ ಮೇಲೆ ಗೆರೆ ಎಳೆದೆ. ಅಂದು ಡ್ಯಾನಿ ಮತ್ತು ಅಣ್ಣ ಮೈದಾನದ ಅಂಚಿನಲ್ಲಿ ಒಂದೇ ಐಸ್ ಡಬ್ಬಿಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದರು. ಹ್ಯೂಸ್ಟನ್ ಗೆದ್ದಿತು. ಕೆನ್ ಅಂಕಲ್ ಕೂಡ ಚಪ್ಪಾಳೆ ಹೊಡೆಯಲಿಲ್ಲ.

ಮಧ್ಯಾಹ್ನ ಮನೆಗೆ ಬಂದು ನಾನು ಗರಾಜು ಗುಡಿಸಿದೆ. ಸ್ಕೇಲಿಗೆ ಹೊದಿಕೆ ಹಾಕುವ ಮೊದಲು ಗುಂಡನ್ನು ಸೊನ್ನೆಗೆ ಸರಿಸಿದೆ. ಪಟ್ಟಿಯ ತುದಿ ಮೇಲೆ ಹೋಗಿ ಅಂಟಿಕೊಂಡಿತು. ಮೇಲೆ ಯಾರೂ ನಿಂತಿರಲಿಲ್ಲ. ಗುಂಡನ್ನು ಮೆಲ್ಲಗೆ ಸರಿಸುತ್ತ ಹೋದೆ. ಒಂದೂವರೆ ಪೌಂಡಿಗೆ ಬಂದಾಗ ತುದಿ ನಡುವೆ ನಿಂತಿತು. ಎಳೆದಾಟದಲ್ಲಿ ಹಿಂದಿನ ತಿರುಪು ಸಡಿಲವಾಗಿತ್ತು. ನೂರಾ ಒಂದರಲ್ಲಿ ಒಂದೂವರೆ ಕಳೆದರೆ ತೊಂಬತ್ತೊಂಬತ್ತೂವರೆ. ಡ್ಯಾನಿ ಆಡಬಹುದಿತ್ತು. ಹೇಳಿಬಿಡಬೇಕೆಂದು ಒಳಗೆ ಹೋದೆ. ಅಡುಗೆಮನೆಯಲ್ಲಿ ಅವ್ವ ಅಳುತ್ತಿದ್ದಳು. ತೂಕ ಇದೆ ಎಂದು ಗೊತ್ತಿದ್ದೂ ಹಾಕಿದೆಯಲ್ಲ ಎಂದು ಅಪ್ಪ ಅನ್ನುತ್ತಿದ್ದರು. ಹಸಿದ ಮಕ್ಕಳನ್ನು ಯಾರಾದರೂ ತೂಗಿ ಉಣಿಸುತ್ತಾರೆಯೇ ಎಂದು ಅವ್ವ ಕೇಳುತ್ತಿದ್ದಳು. ಸ್ಕೇಲು ಸುಳ್ಳು ಹೇಳುವುದಿಲ್ಲ ಎಂದು ಅಪ್ಪ ಮಾತು ಮುಗಿಸಿದರು. ನಾನು ಬಾಗಿಲಿನಿಂದಲೇ ಹಿಂದಿರುಗಿ, ತಿರುಪು ತಿರುಗಿಸಿ ಸೊನ್ನೆ ಸರಿಮಾಡಿ, ಹೊದಿಕೆ ಹಾಕಿದೆ. ರಿಜಿಸ್ಟರಿನಲ್ಲಿ ಆ ದಿನದ ಕೊನೆಯ ಕೆಲಸ ಎಂದು ಅದನ್ನೇ ಬರೆದೆ: ಸ್ಕೇಲು ಮುಚ್ಚಿಡಲಾಯಿತು. ಈಗಲೂ ಆ ಸಾಲು ಅಲ್ಲಿದೆ.

ಮುಂದಿನದು ಲೀಗ್‌ನ ಚರಿತ್ರೆಯಲ್ಲಿದೆ. ಬೇಕೆಂದೇ ತಿನ್ನಿಸಿ ತೂಕ ಹೆಚ್ಚಿಸಿದರು ಎಂದು ಡಲ್ಲಾಸಿನವರು ಪತ್ರ ಬರೆದರು. ಇನ್ನು ಮೇಲೆ ಬಂದ ತಂಡ ಯಾರ ಮನೆಯಲ್ಲೂ ಉಳಿಯಬಾರದು, ಮೋಟೆಲಿನಲ್ಲಿ ಒಟ್ಟಿಗಿರಬೇಕು, ತಮ್ಮ ಊಟ ತಾವೇ ತರಬೇಕು ಎಂದು ನಿಯಮವಾಯಿತು. ಇಂದಿಗೂ ಮಕ್ಕಳು ಡಬ್ಬಿ ಕಟ್ಟಿಕೊಂಡು ಹೋಗುತ್ತಾರೆ, ಏಕೆಂದು ಯಾರಿಗೂ ಗೊತ್ತಿಲ್ಲ. ಚರಿತ್ರೆಯಲ್ಲಿ ಇಲ್ಲದ್ದು ನಮ್ಮ ಅಡುಗೆಮನೆ. ಅವ್ವ ಕೇಳಿ ಬಡಿಸತೊಡಗಿದಳು. ಬೇಕಾ ಅನ್ನುತ್ತಿದ್ದಳು, ಸಾಕು ಅಂದರೆ ಮೊದಲ ಸಲಕ್ಕೇ ಹಿಂದೆ ಸರಿಯುತ್ತಿದ್ದಳು. ಅಪ್ಪ ನಾಲ್ಕನೆಯ ಚಪಾತಿಗೆ ಕೈ ಅಡ್ಡ ಹಿಡಿದು ಕಾಯುತ್ತಿದ್ದರು, ಬೆರಳ ಸಂದಿಯಲ್ಲಿ ಏನೂ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೈ ತೆಗೆಯುತ್ತಿದ್ದರು. ಅದನ್ನು ದಿನಾ ನೋಡುತ್ತ ನಾನು ದೊಡ್ಡವಳಾದೆ. ಫಾರ್ಮಸಿಸ್ಟಾಗಿ ಕೆಲಸ ಮಾಡಿದಷ್ಟು ವರ್ಷವೂ ಬೆಳಿಗ್ಗೆ ತಕ್ಕಡಿಯ ಸೊನ್ನೆಯನ್ನು ಎರಡೆರಡು ಸಲ ನೋಡಿದೆ. ಶಿಸ್ತಿನ ಹೆಂಗಸು ಎಂದು ಹೆಸರು ಬಂತು. ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗ ಹೇಳಬೇಕೆಂದು ಎರಡು ದಿನ ಕೂತೆ. ನರ್ಸಿಗೆ ಅವರು, ಇವಳು ನೋಡಿದರೆ ಮುಗಿಯಿತು ಎಂದು ನನ್ನ ಪರಿಚಯ ಹೇಳಿದರು. ನಾನು ಹೇಳಲಿಲ್ಲ.

ಇಷ್ಟನ್ನು ಓದಿ ಮುಗಿಸಿದಾಗ ಹನ್ನೆರಡೂವರೆ. ಸೊನ್ನೆಯ ಮಾತು ಬಂದಾಗ ಅಣ್ಣ ಫೋನು ಮಗುಚಿಟ್ಟಿದ್ದ. ಅವ್ವ ಮೊದಲ ಹೋಳಿಗೆ ತಟ್ಟೆಗೆ ಹಾಕಿ, ಎರಡನೆಯದನ್ನು ತಟ್ಟುವುದನ್ನು ನಿಲ್ಲಿಸಿದ್ದಳು. ಒಲೆಯ ಉರಿ ತಗ್ಗಿಸಿದಳು. ಅಣ್ಣ ಎರಡನೆಯ ರಿಜಿಸ್ಟರು ಎಳೆದುಕೊಂಡು ತನ್ನ ಹೆಸರಿದ್ದ ಪುಟ ಹುಡುಕಿದ. ಕನ್ನಡ ಅವನಿಗೆ ತಡವರಿಸುತ್ತ ಬರುತ್ತದೆ, ತನ್ನ ಹೆಸರು ಮಾತ್ರ ಥಟ್ಟನೆ ಸಿಕ್ಕಿತು.

“ಅಪ್ಪಗ ಗೊತ್ತಿತ್ತೇನು?”

“ಇಲ್ಲ.”

ಅವನು ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ. ಬಹಳ ಹೊತ್ತು ಆಡಿಸಿದ.

“ಗೆರಿ ಮಾತ್ರ ಛಂದ ಎಳದೀ ನೋಡು, ಒಂಚೂರೂ ಸೊಟ್ಟ ಇಲ್ಲ.”

ಅದು ಕ್ಷಮೆಯೋ ಚುಚ್ಚುಮಾತೋ ನನಗೆ ತಿಳಿಯಲಿಲ್ಲ, ಅವನಿಗೂ ತಿಳಿದಿರಲಿಕ್ಕಿಲ್ಲ. ಮೊದಲಿನ ಕಥೆ ಇನ್ನು ಅಚ್ಚಾಗುವುದು ಬೇಡ, ಇದೇ ಹೋಗಲಿ ಎಂದ. ನಾನು ಅವ್ವನ ಕಡೆ ನೋಡಿದೆ. ಅವಳ ಕೈ ಹಿಟ್ಟಿನಲ್ಲಿತ್ತು. ಏನಾದರೂ ಅನ್ನಲಿ ಎಂದು ಕಾದೆ. ಇಷ್ಟು ವರ್ಷ ನಾಚಿಕೆ ಹೊತ್ತು ನಕ್ಕವಳು ನನ್ನನ್ನು ಬೈದರೂ ಸರಿ, ಎದ್ದು ಹೋದರೂ ಸರಿ. ಅವಳು ಹುಬ್ಬು ಗಂಟಿಕ್ಕಿ ಏನೋ ಲೆಕ್ಕ ಹಾಕುತ್ತಿದ್ದಳು. ಜೀವನದಲ್ಲಿ ಅವಳು ಲೆಕ್ಕ ಹಾಕಿದ್ದನ್ನು ನಾನು ನೋಡಿರಲಿಲ್ಲ.

“ಆ ಕೂಸು ಖರೇ ಎಷ್ಟಿತ್ತಂದಿ?”

“ತೊಂಬತ್ತೊಂಬತ್ತೂವರಿ.”

“ಹಂಗಾದ್ರ ಅಂವಗ ಇನ್ನೊಂದು ಹಾಕಬಹುದಾಗಿತ್ತು.”

ಆಮೇಲೆ ಅವಳು ಉರಿ ಏರಿಸಿ ಉಳಿದ ಹೋಳಿಗೆಗಳನ್ನು ಮಾಡಿದಳು. ನಾನು ತಟ್ಟೆ ಇಟ್ಟೆ, ಅಣ್ಣ ತುಪ್ಪ ತಂದ. ವೈದ್ಯರು ನನ್ನ ಸಿಹಿಗೆ ಹಾಕಿಕೊಟ್ಟ ಮಿತಿ ಒಂದು ಹೋಳಿಗೆ, ಅದನ್ನು ತಿಂದೆ. ಅವ್ವ ಹಂಚಿನಿಂದ ಇನ್ನೊಂದನ್ನು ಎತ್ತಿಕೊಂಡು ನನ್ನ ಪಕ್ಕ ಬಂದು ನಿಂತಳು. ಬೇಕಾ ಎಂದು ಕೇಳಲಿಲ್ಲ. ಸಾಕು ಅಂದೆ. ಮತ್ತೆ ಸಾಕು ಅಂದೆ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಮೈ ಹಿಂದಕ್ಕೆ ಎಳೆದುಕೊಂಡೆ. ಅವಳು ನನ್ನ ಎರಡು ಬೆರಳನ್ನು ಸರಿಸಿ ಸಂದಿಯಲ್ಲಿ ತೂರಿಸಿದಳು.

ಆ ದಿನದ ಕೊನೆಯ ಕೆಲಸ: ಎರಡನೆಯ ಹೋಳಿಗೆಯನ್ನು ಏನೂ ಬಿಡದೆ ತಿಂದು ಮುಗಿಸಲಾಯಿತು.